ಮಾವನವರು ಹೇಳಿದ ಸುಳ್ಳು

ಮದುವೆಯಾಗಿ ಮುಳಬಾಗಿಲಿಗೆ ಬಂದಾಗ ನನಗೆ ಹದಿನೇಳು ವರ್ಷ. ತೌರು ವಕ್ಕಲೇರಿ. ನನ್ನ ಗಂಡ ಕೋಲಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅಲ್ಲೇ ಒಂದು ಕೋಣೆ ಹಿಡಿದಿದ್ದು, ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಿಗ್ಗೆ ಹೊರಟುಬಿಡುತ್ತಿದ್ದರು. ಹಾಗಾಗಿ ನನ್ನ ಮೊದಲ ವರ್ಷಗಳ ಸಂಸಾರವೆಂದರೆ ಅತ್ತೆ ಮಾವಂದಿರ ಜೊತೆಗಿನ ಸಂಸಾರವೇ. ಅತ್ತೆಗೆ ಉಬ್ಬಸ. ಚಳಿಗಾಲ ಬಂದರೆ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ಮಾವ ಸ್ಕೂಲು ಮೇಷ್ಟರಾಗಿದ್ದು ಪಿಂಚಣಿಗೆ ಬಂದವರು.

ಮಾವನವರು ಸುಳ್ಳು ಹೇಳುವುದಿಲ್ಲ ಎನ್ನುವುದು ನನಗೆ ಮದುವೆಗೆ ಮುಂಚೆಯೇ ಗೊತ್ತಿತ್ತು. ಹೆಣ್ಣು ನೋಡಲು ಬಂದ ದಿನ ನಮ್ಮಪ್ಪ, ಹುಡುಗನಿಗೆ ಏನಾದರೂ ಕಾಯಿಲೆ ಕಸಾಲೆ ಉಂಟೇ ಎಂದು ಸುಮ್ಮನೆ ಮರ್ಯಾದೆಗೆ ಕೇಳಿದ್ದರಂತೆ. ಮಾವ ಗಂಟಲು ಸರಿಮಾಡಿಕೊಂಡು, ಹುಡುಗನಿಗೆ ಕೋಪ ಜಾಸ್ತಿ, ಹತ್ತು ವರ್ಷದವನಾಗುವವರೆಗೆ ಹಾಸಿಗೆ ಒದ್ದೆ ಮಾಡುತ್ತಿದ್ದ ಎಂದು ಹೇಳಿದರಂತೆ. ನಮ್ಮಪ್ಪ ಅಲ್ಲೇ ಮದುವೆಗೆ ಒಪ್ಪಿಬಿಟ್ಟರು. ಇಂಥ ಮನೆಗೆ ಹೆಣ್ಣು ಕೊಟ್ಟರೆ ಮೋಸವಿಲ್ಲ ಎಂದು ನಮ್ಮಮ್ಮನಿಗೆ ಹೇಳಿದರು.

ಮುಳಬಾಗಿಲಿಗೆ ಬಂದ ಮೇಲೆ ಅವರ ಹೆಸರು ಎಷ್ಟು ದೂರ ಹೋಗಿದೆ ಎಂದು ತಿಳಿಯಿತು. ಬೈರಕೂರಿನ ಕಡೆಯಿಂದ, ಒಮ್ಮೊಮ್ಮೆ ಹೋಳೂರಿನಿಂದಲೂ ಜನ ತಮ್ಮ ವ್ಯಾಜ್ಯಗಳನ್ನು ಹೊತ್ತುಕೊಂಡು ಬರುತ್ತಿದ್ದರು. ಬದುವಿನ ಜಗಳ, ಅಣ್ಣತಮ್ಮಂದಿರ ಬಾವಿಯ ಜಗಳ, ಹೆಂಡತಿಯನ್ನು ತೌರಿನಿಂದ ಕರೆಸಿಕೊಳ್ಳದ ಗಂಡಂದಿರ ಜಗಳ. ಮಾವ ಜಗಲಿಯ ಮೇಲೆ ಕೂತು ಎರಡೂ ಕಡೆಯವರ ಮಾತು ಕೇಳುವರು. ಕಡೆಗೆ ಒಂದೇ ಮಾತು ಹೇಳುವರು, ಅದಕ್ಕೆ ಎದುರು ಮಾತಿರುತ್ತಿರಲಿಲ್ಲ. ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ನನಗೆ ಆಗ ಅನ್ನಿಸುತ್ತಿದ್ದದ್ದು ಇಷ್ಟೆ: ಒಳ್ಳೆಯವರು ಅಂತ ಬೇರೆ ಒಂದು ಜಾತಿಯ ಜನ ಇರುತ್ತಾರೆ, ಅವರಿಗೆ ಯಾವುದು ಸರಿ ಎನ್ನುವುದು ನೋಡಿದ ಕೂಡಲೇ ತಿಳಿಯುತ್ತದೆ, ನಮ್ಮಂಥವರು ಅವರನ್ನು ಕೇಳಿ ನಡೆದುಕೊಂಡರೆ ಸಾಕು.

ನಮ್ಮ ಹಿತ್ತಲಿಗೂ ಪಕ್ಕದ ಮನೆಯ ಹಿತ್ತಲಿಗೂ ನಡುವೆ ಎದೆಮಟ್ಟದ ಮಣ್ಣು ಗೋಡೆ. ಆ ಮನೆಯಲ್ಲಿ ಪಾತ್ರೆಗೆ ಕಲಾಯಿ ಹಾಕುವ ಸಾಬರು ಇದ್ದರು. ತಿದಿ, ಇದ್ದಿಲು, ತವರ ಕಟ್ಟಿಕೊಂಡು ಅವರು ಹಳ್ಳಿ ಮೇಲೆ ಹೋದರೆ ಹದಿನೈದು ದಿನ ಬರುತ್ತಿರಲಿಲ್ಲ. ಮನೆಯಲ್ಲಿ ಅವರ ಹೆಂಡತಿ ಮತ್ತು ಹನ್ನೊಂದು ವರ್ಷದ ಒಬ್ಬಳೇ ಮಗಳು. ಆಕೆ ನನಗಿಂತ ಹತ್ತು ವರ್ಷಕ್ಕೆ ದೊಡ್ಡವರಿರಬಹುದು. ನಾನು ಅಕ್ಕ ಎನ್ನುತ್ತಿದ್ದೆ. ಮಗಳ ಜೊತೆ ಅವರದೇ ಉರ್ದುವಿನಲ್ಲಿ, ಹಾಲಿನವಳ ಜೊತೆ ತೆಲುಗಿನಲ್ಲಿ, ನನ್ನ ಜೊತೆ ಕನ್ನಡದಲ್ಲಿ ಒಂದೇ ಉಸಿರಿಗೆ ಮಾತಾಡಬಲ್ಲವರು. ಗೋಡೆಯ ಮೇಲಿಂದ ನಾನು ಕರಿಬೇವು ಕೊಟ್ಟರೆ ಅವರು ನಿಂಬೆಹಣ್ಣು ಕೊಡುತ್ತಿದ್ದರು.

ನಾನು ಹೇಳಬೇಕೆಂದಿರುವುದು ಯುದ್ಧದ ಕಾಲದ ಒಂದು ಚಳಿಗಾಲದ ವಿಷಯ. ಆ ವರ್ಷ ಊರಿನಲ್ಲಿ ಇಲಿ ಬೀಳುವುದಕ್ಕೆ ಶುರುವಾಯಿತು. ಇಲಿ ಬಿದ್ದಿತೆಂದರೆ ಪ್ಲೇಗು ಬಂದಿತೆಂದೇ ಅರ್ಥ. ಕೆಲವರು ಆಗಲೇ ಊರ ಹೊರಗೆ ತೋಪಿನಲ್ಲಿ ಬಿದಿರು ಗಳು ನೆಟ್ಟು, ತಡಿಕೆ ಕಟ್ಟಿ, ಸಾಮಾನು ಸಾಗಿಸುತ್ತಿದ್ದರು. ನಮ್ಮ ಬೀದಿಯಲ್ಲಿ ಇನ್ನೂ ಬಿದ್ದಿರಲಿಲ್ಲ, ಅಥವಾ ಬಿದ್ದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಅತ್ತೆಯನ್ನು ಆ ಚಳಿಯಲ್ಲಿ ತಡಿಕೆ ಗುಡಿಸಲಿಗೆ ಕರೆದುಕೊಂಡು ಹೋಗುವುದು ಹೇಗೆ ಎಂಬ ಯೋಚನೆ ನಮ್ಮ ಮನೆಯಲ್ಲಿ ಎಲ್ಲರಿಗೂ ಇತ್ತು. ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಬಟ್ಟೆ ಹರವಲು ಹಿತ್ತಲಿಗೆ ಹೋದಾಗ ಗೋಡೆಯಾಚೆ ಆ ಹುಡುಗಿ ಬಿಸಿಲಿಗೆ ಚಾಪೆಯ ಮೇಲೆ ಮಲಗಿರುವುದು ಕಂಡಿತು. ಮುಖ ಕೆಂಡದ ಹಾಗಿತ್ತು. ತಾಯಿ ಅವಳ ತೊಡೆಯ ಸಂದಿಗೆ ಬಿಸಿ ಬಟ್ಟೆ ಒತ್ತುತ್ತಿದ್ದರು. ನನ್ನನ್ನು ಕಂಡದ್ದೇ ಬಟ್ಟೆ ಮರೆ ಮಾಡಿದರು. ಆಮೇಲೆ ತಾವೇ ಗೋಡೆಯ ಹತ್ತಿರ ಬಂದು, ಮೂರು ದಿನದ ಹಿಂದೆ ಕಾಲಿಗೆ ಜಾಲಿ ಮುಳ್ಳು ಚುಚ್ಚಿತ್ತು, ಅದು ಕೀವಾಗಿ ಮೇಲೆ ಗಡ್ಡೆ ಕಟ್ಟಿದೆ ಅಷ್ಟೆ, ಯಾರಿಗೂ ಹೇಳಬೇಡಮ್ಮ ಎಂದು ನನ್ನ ಕೈ ಹಿಡಿದುಕೊಂಡರು. ಗಂಡ ಊರಲ್ಲಿಲ್ಲ. ಮಗುವನ್ನು ಊರಾಚೆಯ ಕಾಯಿಲೆ ಷೆಡ್ಡಿಗೆ ಹಾಕಿಬಿಟ್ಟರೆ, ಪ್ಲೇಗು ಇಲ್ಲದಿದ್ದರೂ ಅಲ್ಲಿ ಅಂಟಿಕೊಂಡು ಸಾಯುತ್ತಾಳೆ ಎಂದರು. ಕಾಲಿನಲ್ಲಿ ಗಾಯವಿತ್ತು. ಅದನ್ನು ನಾನು ನೋಡಿದೆ. ಅದು ಮುಳ್ಳಿನ ಗಾಯವೋ, ಕೆರೆದುಕೊಂಡದ್ದೋ, ಅಷ್ಟು ದೂರದಿಂದ ಹೇಗೆ ಹೇಳಲಿ? ಆಯಿತು ಅಕ್ಕ ಎಂದೆ. ಒಳಗೆ ಬಂದು ನೇರ ಮಾವನವರಿಗೆ ಹೇಳಿಬಿಟ್ಟೆ.

ಯಾಕೆ ಹೇಳಿದೆ ಎಂದು ಆಮೇಲೆ ನನ್ನನ್ನೇ ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವರ ಬುದ್ಧಿಯ ಮೇಲಿನ ನಂಬಿಕೆಯಿಂದ ಎಂದುಕೊಳ್ಳುವುದು ನನಗೆ ಇಷ್ಟ. ಆದರೆ ಆ ಕ್ಷಣದಲ್ಲಿ ಹೆದರಿದ್ದೆ, ಹೆದರಿಕೆಯನ್ನು ಇನ್ನೊಬ್ಬರ ತಲೆಗೆ ದಾಟಿಸಿದೆ, ಅಷ್ಟೇ ಇರಬೇಕು. ಮಾವ ಪೂರ್ತಿ ಕೇಳಿದರು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಬಹಳ ಹೊತ್ತು ಒರೆಸಿದರು.

ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಪ್ಲೇಗು ಇನ್ಸ್‌ಪೆಕ್ಟರು ಒಬ್ಬ ಜವಾನನ ಜೊತೆ ನಮ್ಮ ಬೀದಿಗೆ ಬಂದರು. ಎಳೆ ವಯಸ್ಸಿನವರು, ಮೈಮೇಲೆ ಕೋಟು, ಕಣ್ಣ ಕೆಳಗೆ ಕಪ್ಪು. ಒಂದೊಂದೇ ಮನೆ ಹೊಕ್ಕು ನೋಡಿ, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಬರುತ್ತಿದ್ದರು. ನಮ್ಮ ಮನೆ ನೋಡಿದ್ದಾಯಿತು. ಪಕ್ಕದ ಬಾಗಿಲು ಮುಚ್ಚಿತ್ತು. ಜವಾನ ಎರಡು ಸಲ ತಟ್ಟಿದ. ಯಾರೂ ತೆರೆಯಲಿಲ್ಲ. ಇನ್ಸ್‌ಪೆಕ್ಟರು ಜಗಲಿಯ ಮೇಲಿದ್ದ ಮಾವನ ಕಡೆ ತಿರುಗಿದರು.

"ಮೇಷ್ಟ್ರೇ, ಈ ಮನೇಲಿ ಯಾರಿಗಾದ್ರೂ ಜ್ವರ ಇದೆಯಾ?"

ನಾನು ಬಾಗಿಲ ಹಿಂದೆ ನಿಂತಿದ್ದೆ. ಮಾವ ನಿಜ ಹೇಳುತ್ತಾರೆ, ಇನ್ನು ಅಕ್ಕನ ಮುಖ ನೋಡುವುದು ಹೇಗೆ ಎಂದುಕೊಂಡೆ.

"ಇಲ್ಲ," ಎಂದರು ಮಾವ.

"ನೀವು ಹೇಳಿದ ಮೇಲೆ ಆಯ್ತು ಬಿಡಿ," ಎಂದು ಇನ್ಸ್‌ಪೆಕ್ಟರು ಆ ಮುಚ್ಚಿದ ಬಾಗಿಲಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿಸಿ ಮುಂದೆ ಹೋದರು.

ಅಷ್ಟೇ ನಡೆದದ್ದು. ಮೂವತ್ತು ವರ್ಷ ಸುಳ್ಳಾಡದೆ ಇದ್ದುದರಿಂದಲೇ ಅವರ ಒಂದು ಸುಳ್ಳನ್ನು ಯಾರೂ ಬಾಗಿಲು ತೆರೆದು ನೋಡಲಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ಜವಾನ ಬಾಗಿಲು ಒಡೆಯುತ್ತಿದ್ದ. ಇದು ನನಗೆ ಆಗ ಹೊಳೆಯಲಿಲ್ಲ. ಆಗ ನನಗೆ ಎದೆ ತುಂಬಿ ಬಂತು. ಎಂಥ ದೊಡ್ಡ ಮನಸ್ಸು, ಒಂದು ಮಗುವಿಗಾಗಿ ತಮ್ಮ ವ್ರತವನ್ನೇ ಬಿಟ್ಟರಲ್ಲ ಎಂದುಕೊಂಡೆ. ಕಾಫಿ ತಂದು ಪಕ್ಕದಲ್ಲಿಟ್ಟೆ. ಅವರು ಮುಟ್ಟಲಿಲ್ಲ.

ಹುಡುಗಿಯ ಗಡ್ಡೆ ನಾಲ್ಕನೆಯ ದಿನಕ್ಕೆ ಒಡೆಯಿತು, ಜ್ವರ ಇಳಿಯಿತು. ವಾರದೊಳಗೆ ಕುಂಟುತ್ತಾ ಹಿತ್ತಲಲ್ಲಿ ಓಡಾಡತೊಡಗಿದಳು.

ಅದೇ ವಾರ ಹಾಲಿನವಳು ಸತ್ತಳು. ಬೀದಿಯ ಕೊನೆಯಲ್ಲಿ ಅವಳ ಮನೆ. ದಿನಾ ಬೆಳಿಗ್ಗೆ "ಏಮಮ್ಮಾ, ಪಾಲು" ಎಂದು ಕೂಗಿಕೊಂಡು ಎಲ್ಲರ ಮನೆಗೂ ಹೋಗಿ ಹಾಲು ಕೊಡುವವಳು. ಕಲಾಯಿಯವರ ಮನೆಗೂ ಹೋಗುತ್ತಿದ್ದಳು. ಆ ಹುಡುಗಿಯನ್ನು ಕಂಡರೆ ಅವಳಿಗೆ ಪ್ರೀತಿ. ಒಳಗೆ ಹೋಗಿ ಪಕ್ಕದಲ್ಲಿ ಕೂತು ತಲೆ ಸವರಿ ಬಂದಿದ್ದಳಂತೆ. ಎರಡು ದಿನ ಜ್ವರ, ಕಂಕುಳಲ್ಲಿ ಗಡ್ಡೆ, ಮೂರನೆಯ ದಿನ ಇಲ್ಲ. ಅದು ಪ್ಲೇಗೇ. ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮಾರನೆಯ ದಿನವೇ ಇಡೀ ಬೀದಿ ಖಾಲಿಯಾಗಿ ತೋಪಿಗೆ ಹೋಯಿತು. ಅತ್ತೆಯನ್ನು ಗಾಡಿಯಲ್ಲಿ ಹಾಸಿಗೆ ಸುತ್ತಿ ಕೂರಿಸಿ ಕರೆದುಕೊಂಡು ಹೋದೆವು. ಯಾವುದಕ್ಕೆ ಹೆದರಿಕೊಂಡಿದ್ದೆವೋ ಅದೇ ಆಯಿತು. ಆದರೆ ಅತ್ತೆಗೆ ಏನೂ ಆಗಲಿಲ್ಲ. ತೋಪಿನ ಒಣ ಗಾಳಿಗೆ ಉಬ್ಬಸ ಸ್ವಲ್ಪ ಕಡಿಮೆಯೇ ಆಯಿತು.

ಹುಡುಗಿಗೆ ಇದ್ದದ್ದು ಪ್ಲೇಗೋ ಮುಳ್ಳಿನ ಗಡ್ಡೆಯೋ? ಪ್ಲೇಗು ಬಂದೂ ಬದುಕಿದವರು ಇದ್ದಾರೆ. ಮುಳ್ಳಿಗೆ ಗಡ್ಡೆ ಕಟ್ಟುವುದೂ ಉಂಟು. ಹಾಲಿನವಳ ಕೊಟ್ಟಿಗೆಯಲ್ಲಿ ಮೊದಲೇ ಇಲಿ ಬಿದ್ದಿರಲೂಬಹುದು. ಇದನ್ನು ಹೇಳುವವರು ಯಾರು?

ತೋಪಿನಲ್ಲಿ ಅಕ್ಕ ನಮ್ಮ ಗುಡಿಸಲಿಗೆ ಬಂದು ಮಾವನ ಮುಂದೆ ನೆಲಕ್ಕೆ ಹಣೆ ಮುಟ್ಟಿಸಿದರು. ನಿಮ್ಮ ಒಂದು ಮಾತಿನಿಂದ ನನ್ನ ಮಗಳು ಉಳಿದಳು ಎಂದು ಅತ್ತರು. ಮಾವ ಎದ್ದು ಹೊರಗೆ ಹೋಗಿಬಿಟ್ಟರು. ಆಕೆ ಅದನ್ನು ವಿನಯ ಎಂದುಕೊಂಡರು. ಹತ್ತು ಜನರ ಹತ್ತಿರ ಹೇಳಿಕೊಂಡರು. ಹೀಗೆ ಸುದ್ದಿ ಹಬ್ಬಿತು. ಆದರೆ ಸುಳ್ಳು ಹೇಳಿದರು ಎಂದು ಹಬ್ಬಲಿಲ್ಲ. ಮೇಷ್ಟರು ಎದುರು ನಿಂತು ಒಂದು ಮಗುವನ್ನು ಕಾಪಾಡಿದರು ಎಂದು ಹಬ್ಬಿತು. ತೋಪಿಗೂ ವ್ಯಾಜ್ಯ ತರುವವರು ಬಂದರು. ಮುಂಚಿಗಿಂತ ಹೆಚ್ಚಾಗಿಯೇ ಬಂದರು. ಮಾವ ಎಲ್ಲರನ್ನೂ ವಾಪಸು ಕಳಿಸಿದರು. ನನ್ನ ಕೈಲಿ ಆಗುವುದಿಲ್ಲ ಎಂದಷ್ಟೇ ಹೇಳುವರು.

ಒಂದು ದಿನ ಒಲೆಗೆ ಪುಳ್ಳೆ ಹಾಕುತ್ತಾ ಧೈರ್ಯ ಮಾಡಿ ಹೇಳಿದೆ. ಮಾವಯ್ಯ, ನೀವು ಮಾಡಿದ್ದು ಕರುಣೆಯಿಂದ, ಅದಕ್ಕೆ ಇಷ್ಟು ಕೊರಗಬೇಡಿ ಎಂದೆ. ಅವರು ನನ್ನನ್ನು ಹೊಸಬರನ್ನು ನೋಡುವಂತೆ ನೋಡಿದರು.

"ಕರುಣೆ ಅಂತ ನಿಂಗೆ ಹ್ಯಾಗಮ್ಮ ಗೊತ್ತು? ನಂಗೇ ಗೊತ್ತಿಲ್ಲ. ಆ ಹುಡುಗೀನ ಹಿಡ್ಕೊಂಡು ಹೋದ್ರೆ ಪಕ್ಕದ ಮನೆ ಅಂತ ನಮ್ಮನ್ನೂ ಎಬ್ಬಿಸ್ತಾರೆ, ನಿಮ್ಮತ್ತೇನ ಚಳೀಲಿ ಹಾಕ್ಬೇಕು ಅಂತ ಹೆದ್ರಿದ್ನೋ ಏನೋ. ಅದೂ ಇಲ್ದೆ ಇರಬೌದು. ನನ್ನ ಬಿಸಿಲು ಬೀಳೋ ಜಗಲಿ ಬಿಟ್ಟು ಹೋಗೋಕೆ ಬೇಜಾರಾಗಿ ಹೇಳಿರಬೌದು. ಬಾಯಿ ಮೊದ್ಲು ಇಲ್ಲ ಅಂತು. ಕಾರಣ ನಾನು ಆಮೇಲೆ ಹುಡುಕ್ತಾ ಇದೀನಿ."

ಅವರು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನಾನು ಒಲೆ ಊದಿದೆ. ಒಳ್ಳೆಯ ಕೆಲಸಕ್ಕೆ ಒಳ್ಳೆಯ ಮನಸ್ಸೇ ಮೂಲ ಎಂದು ನಾನು ನಂಬಿದ್ದೆ. ಮಗು ಉಳಿದದ್ದಂತೂ ನಿಜ. ಜಗಲಿಯ ಬಿಸಿಲಿನ ಆಸೆಗೆ ಒಂದು ಮಗು ಉಳಿಯಬಹುದಾದರೆ ಒಳ್ಳೆಯತನ ಎಂದರೇನು? ಒಂದು ಮಗುವನ್ನು ಉಳಿಸಿದ ಮಾತೇ ಒಬ್ಬ ಹೆಂಗಸನ್ನು ಕೊಂದಿದ್ದರೆ?

ಎರಡು ತಿಂಗಳ ಮೇಲೆ ಊರಿಗೆ ವಾಪಸು ಬಂದೆವು. ಆ ಇನ್ಸ್‌ಪೆಕ್ಟರಿಗೆ ಆ ಹೊತ್ತಿಗೆ ಶ್ರೀನಿವಾಸಪುರಕ್ಕೆ ವರ್ಗವಾಗಿತ್ತು. ಒಂದು ಬೆಳಿಗ್ಗೆ ಮಾವ ಕೋಟು ಹಾಕಿಕೊಂಡು, ಶ್ರೀನಿವಾಸಪುರಕ್ಕೆ ಹೋಗಿ ಅವರಿಗೆ ನಿಜ ಹೇಳಿ ಬರುತ್ತೇನೆ ಎಂದು ಹೊರಟರು. ಅವರಿಗೆ ತಲೆ ಸುತ್ತು ಬರುತ್ತಿದ್ದುದರಿಂದ ಅತ್ತೆ ನನ್ನನ್ನೂ ಜೊತೆಗೆ ಕಳಿಸಿದರು. ಯುದ್ಧದಿಂದ ಪೆಟ್ರೋಲಿಲ್ಲದೆ ಬಸ್ಸುಗಳೆಲ್ಲ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ಕಾಲ. ದಾರಿಯಲ್ಲಿ ಒಂದು ದಿಣ್ಣೆ ಹತ್ತಲಾರದೆ ಬಸ್ಸು ನಿಂತಿತು. ಎಲ್ಲರೂ ಇಳಿದು ನಡೆದೆವು. ಮಾವ ದಾರಿಯುದ್ದಕ್ಕೂ ಸ್ಕೂಲು ಹುಡುಗ ಪಾಠ ಒಪ್ಪಿಸುವುದಕ್ಕೆ ಮುಂಚೆ ಮಾಡುವ ಹಾಗೆ ತುಟಿ ಆಡಿಸುತ್ತಿದ್ದರು.

ಇನ್ಸ್‌ಪೆಕ್ಟರು ತಮ್ಮ ಮನೆಯ ಪಡಸಾಲೆಯಲ್ಲಿ ನಮ್ಮನ್ನು ಕೂರಿಸಿದರು. ಮಾವ ಎಲ್ಲ ಹೇಳಿದರು. ಏನನ್ನೂ ಬಿಡಲಿಲ್ಲ. ಹಾಲಿನವಳು ಆ ಹುಡುಗಿಯ ತಲೆ ಸವರಿದ್ದನ್ನೂ ಹೇಳಿದರು. ನಿಮಗೆ ಸರಿ ಕಂಡಂತೆ ಮಾಡಿ ಎಂದರು. ಇನ್ಸ್‌ಪೆಕ್ಟರು ಒಂದು ಗುಟುಕು ನೀರು ಕುಡಿದರು.

"ನಂಗೆ ಆವತ್ತೇ ಗೊತ್ತಿತ್ತು ಮೇಷ್ಟ್ರೇ. ಜವಾನ ಬಾಗಿಲು ತಟ್ಟಿದಾಗ ಒಳಗೆ ಮಗು ನರಳಿದ್ದು ಕೇಳಿಸ್ತು. ಬೆಳಿಗ್ಗೆಯಿಂದ ಎರಡು ಮನೇಲಿ ಮಕ್ಕಳನ್ನ ತಾಯಂದಿರ ಕೈಯಿಂದ ಬಿಡಿಸಿ ಗಾಡಿಗೆ ಹಾಕ್ಸಿ ಬಂದಿದ್ದೆ. ಮೂರನೇದು ನನ್ನ ಕೈಲಾಗ್ತಿರಲಿಲ್ಲ. ಅದಕ್ಕೇ ನಿಮ್ಮನ್ನ ಕೇಳಿದ್ದು. ನೀವು ಇಲ್ಲ ಅಂದ್ರೆ ಸಾಕಿತ್ತು."

ನಾನು ಇದೆ ಎಂದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಮಾವ ಕೇಳಿದರು. ಬಾಗಿಲು ತೆರೆಸುತ್ತಿದ್ದೆ, ಕೆಲಸ ಅದು ಎಂದರು ಅವರು. ಹಾಲಿನವಳ ವಿಷಯ ಕೇಳಿದ್ದಕ್ಕೆ, ಅದು ಎಲ್ಲಿಂದ ಬಂತು ಎಂದು ಹೇಳಲು ಯಾರಿಂದಲೂ ಆಗುವುದಿಲ್ಲ ಎಂದರು. ಅವರ ಹೆಂಡತಿ ನಮಗೆ ಊಟ ಬಡಿಸಿದರು. ಹುಳಿ ಚೆನ್ನಾಗಿತ್ತು. ಅಂಥ ಮಾತಿನ ಮೇಲೂ ಹಸಿವಾಗುತ್ತದಲ್ಲ ಎಂದು ನನಗೆ ನಾಚಿಕೆಯಾಯಿತು. ಎರಡನೆಯ ಸಲವೂ ಹಾಕಿಸಿಕೊಂಡೆ.

ವಾಪಸು ಬರುವಾಗ ಮಾವನ ಮುಖ ಹೋಗುವಾಗ ಇದ್ದುದಕ್ಕಿಂತ ಇನ್ನೂ ಬಾಡಿತ್ತು. ತಪ್ಪು ಒಪ್ಪಿಕೊಂಡರೆ ಹಗುರವಾಗುತ್ತದೆ ಎಂದು ಹೇಳುವುದನ್ನು ಕೇಳಿದ್ದೆ. ಇಲ್ಲಿ ಹಾಗಾಗಲಿಲ್ಲ. ಅವರು ತಮ್ಮದು ಎಂದು ಹೊತ್ತುಕೊಂಡು ಹೋಗಿದ್ದ ತಪ್ಪಿನಲ್ಲಿ ಇನ್ನೊಬ್ಬರಿಗೂ ಪಾಲಿತ್ತು ಎಂದು ತಿಳಿದದ್ದು ಅವರಿಗೆ ಸಮಾಧಾನ ಕೊಡಲಿಲ್ಲ. ಏನೋ ಕಳೆದುಕೊಂಡವರ ಹಾಗೆ ಕಿಟಕಿಯಾಚೆ ನೋಡುತ್ತಿದ್ದರು.

ಮಾರನೆಯ ದಿನ ಹಾಲಿನವಳ ಮಗನ ಮನೆಗೆ ಹೋದರು. ತಾಯಿ ಸತ್ತ ಮೇಲೆ ಅವನೇ ನಮಗೆ ಹಾಲು ತರುತ್ತಿದ್ದ. ಮೂವತ್ತರ ಸುಮಾರಿನ ಗಟ್ಟಿ ಆಳು, ಮಿತವಾಗಿ ಮಾತಾಡುವವನು. ಮಾವನ ಹಿಂದೆಯೇ ನಾನೂ ಹೋದೆ. ಅತ್ತೆ ಹೋಗು ಎಂದು ಹೇಳಿರಲಿಲ್ಲ. ಹೋಗದೆ ಇರಲು ಆಗಲಿಲ್ಲ, ಹೋದೆ. ಅವನು ಕೊಟ್ಟಿಗೆಯ ಮುಂದೆ ಹಗ್ಗ ಹೊಸೆಯುತ್ತಿದ್ದ. ಮಾವ ನಿಂತೇ ಎಲ್ಲ ಹೇಳಿದರು. ಅವನು ಹಗ್ಗ ಕೆಳಗಿಟ್ಟ.

"ನಮ್ಮಮ್ಮ ನಿಮ್ಮಿಂದ ಸತ್ಲು ಅಂತೀರಾ ಸ್ವಾಮಿ?"

"ಇರಬೌದು. ಇಲ್ದೆನೂ ಇರಬೌದು. ನಂಗೆ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ಮೇಲೆ ನಂಗ್ಯಾಕೆ ಬಂದು ಹೇಳ್ತೀರ? ಇಷ್ಟು ದಿನ ದೇವರು ಕರ್ಕೊಂಡ ಅಂತ ಸುಮ್ನಿದ್ದೆ. ಇನ್ಮೇಲೆ ಆ ಹುಡುಗಿ ಕುಂಟ್ಕೊಂಡು ಹೋಗೋದು ಕಂಡ್ರೆ ನಾನೇನು ಮಾಡ್ಲಿ?"

ನಾಳೆಯಿಂದ ಹಾಲು ಬೇರೆ ಕಡೆ ನೋಡಿಕೊಳ್ಳಿ ಎಂದು ಅವನು ಒಳಗೆ ಹೋದ. ನಾವು ವಾಪಸು ಬಂದೆವು.

ವಿಚಿತ್ರವೆಂದರೆ ಅವತ್ತು ಮಧ್ಯಾಹ್ನ ಮಾವ ತಿಂಗಳುಗಳಿಂದ ಇಲ್ಲದ ಹಾಗೆ ಮಲಗಿ ನಿದ್ದೆ ಮಾಡಿದರು. ಗೊರಕೆ ಹೊಡೆದರು. ನನ್ನ ಮಾತನ್ನು ಮಾತು ಎಂದು ತೆಗೆದುಕೊಂಡವನು ಅವನೊಬ್ಬನೇ ಎಂದು ಎದ್ದ ಮೇಲೆ ಅತ್ತೆಯ ಹತ್ತಿರ ಹೇಳಿದರಂತೆ. ನನಗೆ ಮಾತ್ರ ಸಿಟ್ಟು ಬಂತು. ಅದುವರೆಗೆ ಅವರ ಮೇಲೆ ಸಿಟ್ಟು ಬಂದಿರಲೇ ಇಲ್ಲ. ಇವರು ನಿದ್ದೆ ಮಾಡಿದರು, ಆ ಮಗ ಇನ್ನು ಮೇಲೆ ಹೇಗೆ ನಿದ್ದೆ ಮಾಡುತ್ತಾನೆ? ಸುಳ್ಳು ಹೇಳಿ ಒಂದು ಮನೆ ಉಳಿಸಿದರು, ನಿಜ ಹೇಳಿ ಇನ್ನೊಂದು ಮನೆಯ ನೆಮ್ಮದಿ ಕಳೆದರು ಎಂದುಕೊಂಡೆ. ಮರುಕ್ಷಣವೇ, ಸತ್ತವಳು ಅವನ ತಾಯಿ, ತಿಳಿದುಕೊಳ್ಳುವ ಹಕ್ಕು ಅವನಿಗಿಲ್ಲವೇ ಎಂದೂ ಅನ್ನಿಸಿತು. ಎರಡೂ ಸರಿಯಾಗಿಯೇ ಕಂಡವು. ಒಂದರ ಪಕ್ಕ ಇನ್ನೊಂದನ್ನು ಇಟ್ಟರೆ ಎರಡೂ ತಪ್ಪಾಗಿಯೂ ಕಂಡವು.

ಅವನು ಆ ಹುಡುಗಿಗೆ ಏನೂ ಮಾಡಲಿಲ್ಲ. ಅವಳು ಬೀದಿಯಲ್ಲಿ ಬಂದರೆ ತಾನು ಬೇರೆ ದಾರಿ ಹಿಡಿಯುತ್ತಿದ್ದ. ಅದು ಸಂಕಟದಿಂದಲೋ, ದ್ವೇಷದಿಂದಲೋ, ತನ್ನ ದ್ವೇಷಕ್ಕೆ ತಾನೇ ಹೆದರಿಯೋ ತಿಳಿಯದು. ಒಂದು ವರ್ಷ ಕಳೆದ ಮೇಲೆ ಅವನು ದನಗಳನ್ನು ಹೊಡೆದುಕೊಂಡು ಬೈರಕೂರಿನ ಹತ್ತಿರದ ಹೆಂಡತಿಯ ಊರಿಗೆ ಹೋಗಿಬಿಟ್ಟ. ಹುಡುಗಿಗೆ ಹದಿನಾರು ತುಂಬಿದಾಗ ಮಾಲೂರಿಗೆ ಮದುವೆ ಮಾಡಿಕೊಟ್ಟರು. ಮೊದಲ ಬಾಣಂತನಕ್ಕೆ ಬಂದಾಗ ಗೋಡೆಯ ಮೇಲಿಂದ ಮಗುವನ್ನು ನನ್ನ ಕೈಗೆ ಕೊಟ್ಟಳು. ದುಂಡನೆಯ ಗಂಡು ಮಗು, ಮೈತುಂಬ ಎಣ್ಣೆ. ಎತ್ತಿಕೊಂಡಾಗ ಸಂತೋಷವಾಯಿತು. ಅದರ ಜೊತೆಗೇ ಆ ಹಾಲಿನವಳ ಕೂಗು ನೆನಪಾಯಿತು. ಯಾಕೆ ಅಳುತ್ತಿದ್ದೀರಿ ಎಂದು ಅವಳು ಕೇಳಿದಳು. ಕಣ್ಣಿಗೆ ಹೊಗೆ ಎಂದೆ.

ಮಾವ ಮತ್ತೆ ಜಗಲಿಯ ಮೇಲೆ ಕೂರತೊಡಗಿದರು, ಆದರೆ ಮುಂಚಿನ ಹಾಗಲ್ಲ. ಜನ ಬಂದು ತಮ್ಮ ಜಗಳ ಹೇಳಿಕೊಂಡರೆ ಕೇಳುವರು. ತೀರ್ಪು ಕೇಳಿದರೆ, ನೀವೇ ಇನ್ನೊಂದು ಸಲ ಮಾತಾಡಿಕೊಳ್ಳಿ, ನನಗೆ ಪೂರ್ತಿ ತಿಳಿಯಲಿಲ್ಲ ಎನ್ನುವರು. ಮೊದಮೊದಲು ಜನ ಇದನ್ನೂ ದೊಡ್ಡತನ ಎಂದುಕೊಂಡರು. ಆಮೇಲೆ ಮೇಷ್ಟರಿಗೆ ಅರಳುಮರಳು ಎಂದು ಬರುವುದನ್ನು ಬಿಟ್ಟರು. ಅವರು ಏನೂ ತಿಳಿಯಲಿಲ್ಲ ಎಂದು ಹೇಳುತ್ತಿದ್ದ ಆ ದಿನಗಳಲ್ಲೇ ನನಗೆ ಅವರ ಮೇಲೆ ಹೆಚ್ಚು ನಂಬಿಕೆ ಹುಟ್ಟಿತು. ಅದು ನನ್ನ ಬುದ್ಧಿ ಬೆಳೆದದ್ದರಿಂದಲೋ, ಅವರು ನನ್ನ ಮಟ್ಟಕ್ಕೆ ಇಳಿದರು ಎಂಬ ಸಮಾಧಾನದಿಂದಲೋ, ಅದನ್ನೂ ನಾನು ಬಲ್ಲೆ ಎಂದು ಹೇಳಲಾರೆ.

ಪ್ಲೇಗಿನ ಆ ವರ್ಷದ ಮೇಲೆ ಅವರು ಇನ್ನೂ ನಾಲ್ಕು ವರ್ಷ ಬದುಕಿದ್ದರು. ಕೊನೆಯ ಕಾಯಿಲೆಯಲ್ಲಿ ಒಂದು ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದಾಗ, ಆವತ್ತು ಇನ್ಸ್‌ಪೆಕ್ಟರು ನಿನ್ನನ್ನು ಕೇಳಿದ್ದರೆ ಏನು ಹೇಳುತ್ತಿದ್ದೆ ಎಂದು ಇದ್ದಕ್ಕಿದ್ದಂತೆ ಕೇಳಿದರು. ಯಾವತ್ತು ಎಂದು ನಾನು ಕೇಳಬೇಕಾಗಿರಲಿಲ್ಲ. ನಿಜ ಹೇಳಿಬಿಡುತ್ತಿದ್ದೆ ಮಾವಯ್ಯ ಎಂದೆ. ಯಾಕೆ ಎಂದರು. ಹೆದರಿಕೆಗೆ ಎಂದೆ. ನಿಜ ದೊಡ್ಡದು ಎಂದಲ್ಲ, ಆ ಕೋಟು, ಆ ಜವಾನ, ಅವರ ಕೈಯ ಸೀಮೆಸುಣ್ಣ ಕಂಡು ಹೆದರಿ ಹೇಳಿಬಿಡುತ್ತಿದ್ದೆ ಎಂದೆ.

ಅವರು ಬಾಯಲ್ಲಿದ್ದ ಗಂಜಿ ನುಂಗಿ, ತಲೆಯಾಡಿಸಿದರು. ಅದು ಒಪ್ಪಿಗೆಯೋ, ಬೇಸರವೋ, ಸುಮ್ಮನೆ ಸುಸ್ತೋ. ಇನ್ನೊಂದು ಚಮಚ ಎತ್ತಿದೆ. ಸಾಕು ಎಂದು ಕೈ ಅಡ್ಡ ಹಿಡಿದರು.